ಬಲಗಡೆಯಿಂದ ತೆರೆಯುವ ಪುಸ್ತಕಗಳು

ಬೆಳಗಿನ ಆರಕ್ಕೆ ಶರೀಫಾಬೀ ಸರಕಾರಿ ಕಚೇರಿಯ ಹಿಂಬಾಗಿಲು ತೆರೆಯುತ್ತಾರೆ. ಮೊದಲು ಕಸಬರಿಗೆ. ಎಂಟರೊಳಗೆ ಹತ್ತು ಕೋಣೆ ಗುಡಿಸಿ ಒರೆಸಬೇಕು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಇನ್ನೊಂದು ಕೀಲಿ ಹೊರಬರುತ್ತದೆ. ಅದು ದಾಖಲೆ ಕೋಣೆಯದು. ಕೆಂಪು ಬಟ್ಟೆಯ ಗಂಟು ಬಿಚ್ಚಿ, ಗೆದ್ದಲು ಹತ್ತಿದೆಯೇ ಎಂದು ಒಂದೊಂದೇ ಪುಟ ನೋಡಿ, ಬೇವಿನ ಸೊಪ್ಪು ಬದಲಿಸಿ ಮತ್ತೆ ಕಟ್ಟುತ್ತಾರೆ. ದಿನಕ್ಕೆ ಆರು ಗಂಟು. ಒಟ್ಟು ಸಾವಿರದ ಇನ್ನೂರಿವೆ.

ಶಹಾಪುರದ ಈ ಐವತ್ತಮೂರರ ಹೆಣ್ಣುಮಗಳು ಹದಿನೆಂಟು ವರ್ಷದಿಂದ ದಾಖಲೆ ಕಾಯುತ್ತಿದ್ದಾರೆ. ಕಾಗದದ ಮೇಲೆ ಅವರು ಬರೀ ಗುತ್ತಿಗೆಯ ಕಸಗುಡಿಸುವಾಕೆ. ಯಾವ ಕಚೇರಿ ಎಂದು ಬರೆಯುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಓದಿದ್ದು ಉರ್ದು ಶಾಲೆಯಲ್ಲಿ, ಏಳನೇ ತರಗತಿಯವರೆಗೆ. "ಹಳೇ ಕಾರಕೂನ ಸಾಹೇಬ್ರು ರಿಟೈರ್ ಆಗೋ ಮುಂದ ಕರದ್ರು. ನಿನಗ ಉರ್ದು ಬರ್ತದಲ್ಲ, ಇವನ್ನ ನೋಡ್ಕೋ ಅಂದ್ರು. ನೋಡ್ಕೊಂಡೀನ್ರಿ." ಆ ಕಾರಕೂನರ ಜಾಗಕ್ಕೆ ಮತ್ತೆ ಯಾರೂ ಬರಲಿಲ್ಲ.

ಎರಡು ವರ್ಷದ ಹಿಂದೆ ದಾಖಲೆ ಸ್ಕ್ಯಾನ್ ಮಾಡಲು ತಂಡವೊಂದು ಬಂತು. ನಿಜಾಮರ ಕಾಲದ ಜಮೀನಿನ ಪುಸ್ತಕಗಳು ಉರ್ದುವಿನವು. ನಮಗೆ ಕೊನೆಯ ರಟ್ಟು ಯಾವುದೋ ಅದೇ ಅವುಗಳ ಮೊದಲ ರಟ್ಟು. ಆ ಪುಣ್ಯಾತ್ಮರು ಕನ್ನಡ ಪುಸ್ತಕದಂತೆ ಎಡದಿಂದ ತೆರೆದು ಹೊಸ ಸಂಖ್ಯೆ ಹಾಕುತ್ತಾ ಹೋದರು. ಮುನ್ನೂರ ನಲವತ್ತು ಪುಸ್ತಕ ಹಿಂದುಮುಂದಾದವು. ಹಳೆಯ ಪಟ್ಟಿಯ ಹನ್ನೆರಡನೇ ಪುಟ ಕೇಳಿದರೆ ಕಂಪ್ಯೂಟರು ಕೊನೆಯಿಂದ ಹನ್ನೆರಡನೆಯದನ್ನು ತೋರಿಸುತ್ತದೆ. ಅಲ್ಲಿರುವುದು ಬೇರೆಯವರ ಹೊಲ.

"ಉಲ್ಟಾ ಮಾಡಾಕತ್ತೀರಿ ಅಂತ ಹೇಳಿದ್ನಿ. ನೀ ಮೂಲಿ ಗುಡಿಸು ಹೋಗವ್ವ ಅಂದ್ರು."

ವನದುರ್ಗದ ಮೌನಮ್ಮ ಅಜ್ಜನ ಹೊಲದ ಕಾಗದಕ್ಕೆ ನಾಲ್ಕು ಸಲ ಬಂದು, 'ದಾಖಲೆ ಲಭ್ಯವಿಲ್ಲ' ಎಂಬ ಹಿಂಬರಹ ಹಿಡಿದು ಮರಳಿದವರು. ಐದನೇ ಸಲ ಮೆಟ್ಟಿಲ ಮೇಲೆ ಕುಳಿತು ಅತ್ತರು. ಶರೀಫಾಬೀ ಕಸಬರಿಗೆ ಬದಿಗಿಟ್ಟು ವಿಚಾರಿಸಿದರು. ಮೂಲ ಪುಸ್ತಕ ತೆರೆದರು, ಹತ್ತು ನಿಮಿಷದಲ್ಲಿ ಪುಟ ಸಿಕ್ಕಿತು. ಅದರ ನಕಲಿಗೆ ಕಚೇರಿಯ ಸಾಹೇಬರು ಸಹಿ ಹಾಕಿದರು, ಮೌನಮ್ಮ ಸಾಹೇಬರಿಗೆ ಕೈಮುಗಿದು ಹೋದರು. "ಆಕಿಗೇನ್ ಗೊತ್ರಿ, ಪಾಪ" ಎಂದು ಶರೀಫಾಬೀ ಮುಂದಿನ ಗಂಟು ಬಿಚ್ಚಿದರು. ಹಾಗೆ ಬರಿಗೈಲಿ ಹೋದ ಉಳಿದವರು ಎಷ್ಟು ಮಂದಿಯೋ, ಯಾರೂ ಬರೆದಿಟ್ಟಿಲ್ಲ.

ತನ್ನನ್ನು ದಾಖಲೆ ಪಾಲಕಿ ಎಂದು ಬರೆದುಕೊಳ್ಳಿ ಎಂದು ಅವರು ಮೂರು ಅರ್ಜಿ ಕೊಟ್ಟಿದ್ದಾರೆ. ಮೂರಕ್ಕೂ ಒಂದೇ ಸಾಲಿನ ಉತ್ತರ: ಅಂಥ ಹುದ್ದೆ ಮಂಜೂರಾಗಿಲ್ಲ. "ಪಗಾರ ಹೆಚ್ಚ ಕೇಳಿಲ್ರಿ. ಕಸಬರಗಿ ಹಿಡದಾಕಿ ಬಂದು ಹಾಳಿ ತಪ್ಪ್ಯಾವ ಅಂದ್ರ ಯಾರ್ ಕೇಳ್ತಾರ? ಅದಕ್ಕ ಆ ಹೆಸರು ಬೇಕಾಗಿತ್ತು."

ಸ್ಕ್ಯಾನ್ ಮುಗಿದಿದೆ ಎಂದು ಮುಂದಿನ ತಿಂಗಳು ಮೂಲ ಪುಸ್ತಕಗಳೆಲ್ಲ ಊರಾಚೆಯ ಗೋದಾಮಿಗೆ ಹೋಗುತ್ತವೆ. ಅಲ್ಲಿ ಕಾವಲುಗಾರ ಇರುತ್ತಾನೆ, ಓದುವವರು ಇರುವುದಿಲ್ಲ. ಕೀಲಿ ಒಪ್ಪಿಸಲು ಶರೀಫಾಬೀಗೆ ಹೇಳಿಯಾಗಿದೆ. ಈಗ ದಿನವೂ ಮೈದಾ ಅಂಟು ಕಲಸಿಕೊಂಡು ಬಂದು, ಪ್ರತಿ ಉರ್ದು ಪುಸ್ತಕದ ಮೊದಲ ರಟ್ಟಿಗೆ ಕನ್ನಡದ ಚೀಟಿ ಹಚ್ಚುತ್ತಿದ್ದಾರೆ: 'ಈ ಕಡೆಯಿಂದ ತೆರೆಯಿರಿ.' ಇನ್ನೂರ ಹತ್ತು ಮುಗಿದಿವೆ.

ಕೆಳಗೆ ನಿಮ್ಮ ಹೆಸರೂ ಬರೆಯಬಾರದೇ ಎಂದು ಕೇಳುತ್ತೇನೆ. ಬೆರಳಿನ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಹೆಸರು ಬರದ್ರ ಕಸಗುಡಸಾಕಿ ಬರದಾಳ ಅಂತ ಕಿತ್ತಿ ಒಗೀತಾರ್ರಿ. ಹೆಸರಿಲ್ಲಂದ್ರ ಸರಕಾರನ ಬರದದ ಅಂತ ನಂಬ್ತಾರ."