ಒಂದೇ ಸಲ ಹಾರುವ ಗಾಡಿ

ಸಪ್ತಾಪುರದ ಒಬ್ಬ ಲೆಕ್ಚರರ್ ತನ್ನ ಹಳೆಯ ಪಿಕಪ್ ತಂದು ನಿಲ್ಲಿಸಿದಾಗ ನಾನು ತಾರಿಹಾಳದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದೆ. ಗಾಡಿಯನ್ನು ಗೇಣುದ್ದ ಎತ್ತರಿಸಿ, ಗಾಲಿಗಳ ಮೇಲೆ ಭಾರ ಹೊರುವ ದಪ್ಪನೆಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕೂರಿಸಿದವನು ನಾನು. ದಿಬ್ಬದ ಮೇಲಿಂದ ಗಾಡಿ ಹಾರಿಸುವ ಹುಚ್ಚು ಅವನಿಗೆ; ಮಾಡಿದವನು ನಾನು, ಹಾರಿಸುವವನು ಮಾತ್ರ ಅವನು. ಹೊಟ್ಟೆ ಉರಿಯದೆ ಇರುತ್ತದೆಯೇ?

ಟ್ರಯಲ್ ನೋಡಲು ನನ್ನನ್ನೂ ಊರಾಚೆಯ ಪಾಳುಬಿದ್ದ ಕಲ್ಲಿನ ಖಣಿಗೆ ಕರೆದೊಯ್ದ.

"ಮಿಸ್ತ್ರಿ, ಎಷ್ಟು ಸಲ ಹಾರಿಸಬಹುದ್ರಿ?" ಎಂದು ಕೇಳಿದ.

ದಿನವಿಡೀ ಹಾರಿಸಿದರೂ ಆ ಪಾಟಾ ಮುರಿಯುವಂಥದ್ದಲ್ಲ. ಆದರೂ ನನ್ನ ಬಾಯಿ ಬೇರೆಯದನ್ನೇ ಹೇಳಿತು.

"ಒಂದ ಸಲ ನೋಡ್ರಿ ಸರ. ಎರಡನೇದಕ್ಕ ಪಾಟಾ ಕಟ್ ಆಗ್ತೈತಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಆತ ಹಾರಿಸಿದ. ನಾಲ್ಕೂ ಗಾಲಿ ನೆಲ ಬಿಟ್ಟವು. ಕೆಳಗೆ ಬಿದ್ದಾಗ ಏನಾದರೂ ಮುರಿದ ಸದ್ದು ಬಂದೀತೆಂದು ಕಿವಿಗೊಟ್ಟೆ. ಬರಲಿಲ್ಲ. ನನ್ನ ಕೈಕೆಲಸ ಗಟ್ಟಿಯಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಆತ ಇಳಿದು ಬಂದು ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿದ.

"ಎರಡನೇ ಸಲ ನಿಮ್ಮ ಕೈಲೇ ಹಾರಿಸಬೇಕಂತಿದ್ದೆ ಮಿಸ್ತ್ರಿ. ಮಾಡಿದವ್ರಿಗೂ ಆಸೆ ಇರ್ತದಲ್ಲಾ. ಆದ್ರ ನೀವ ಬ್ಯಾಡಂದ್ರಿ."

"ಇನ್ನೊಂದ ಸಲಕ್ಕ ಏನಾಗೂದಿಲ್ರಿ ಸರ..."

"ಛೇ ಛೇ, ನಿಮ್ಮ ಮಾತು ಮೀರಬಾರದ್ರಿ. ಸಾವಕಾಶ ಗ್ಯಾರೇಜಿಗೆ ಹೊಡೀರಿ."

ತಾರಿಹಾಳದವರೆಗೂ ಆ ಗಾಡಿಯನ್ನು ನಾನೇ ಓಡಿಸಿದೆ. ರಸ್ತೆಯಲ್ಲಿ ಒಂದೊಂದು ತಗ್ಗು ಬಂದಾಗಲೂ ಪಕ್ಕದಲ್ಲಿ ಕೂತವನು, "ಪಾಟಾ, ಮಿಸ್ತ್ರಿ, ಪಾಟಾ" ಎಂದು ನನಗೇ ನೆನಪಿಸುತ್ತಿದ್ದ.