ಹೊಂಗೆಯ ನೆರಳಲ್ಲಿ ನಿಂತ ಕಾರು

ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ, ಬಸವನಗುಡಿಯ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದು ಸ್ಟೀರಿಂಗ್ ಮುಟ್ಟಿದವರಿಗೆ ತಾಪವೆಂದರೇನೆಂದು ಯಾವ ವೇದಾಂತಿಯೂ ವಿವರಿಸಬೇಕಾಗಿಲ್ಲ. ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಕಾವಲಿ ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುವ ಹಾಗೆ ನಾನೂ ಸೀಟಿನ ಮೇಲೆ ನೀರು ಚಿಮುಕಿಸಿ ಕೂರುತ್ತಿದ್ದೆ. ನಗಬೇಡಿ. ಮೂವತ್ತೈದು ವರ್ಷ ಬಸ್ಸಿನ ಕಂಬಿ ಹಿಡಿದು ನೇತಾಡಿಕೊಂಡು ಕಾಲೇಜಿಗೆ ಹೋಗಿ ಪಾಠ ಹೇಳಿದವನಿಗೆ ನಿವೃತ್ತಿಯ ನಂತರ ಒದಗಿದ ಪ್ರಥಮ ವಾಹನ ಅದು.

ಅದರ ಅಂತರಂಗ ರಕ್ಷಣೆಗೆ ನಾನು ಕೈಗೊಂಡ ಕ್ರಮಗಳನ್ನು ಕೇಳಿ. ಮುಂದಿನ ಗಾಜಿಗೆ ಮಿರಿಮಿರಿ ಮಿಂಚುವ ಬೆಳ್ಳಿ ಬಣ್ಣದ ಹಾಳೆ, ಪಕ್ಕದ ಗಾಜುಗಳಿಗೆ ಕಪ್ಪು ಜಾಲರಿ, ಸ್ಟೀರಿಂಗಿಗೆ ನನ್ನದೇ ಹಳೆಯ ಪಂಚೆ, ಬಿಸಿಗಾಳಿ ಹೊರಹೋಗಲೆಂದು ಪ್ರತಿ ಕಿಟಕಿಯಲ್ಲೂ ಅರ್ಧ ಬೆರಳಿನಷ್ಟು ಸಂದು. ಹಿಂದಿನ ಸೀಟಿಗೆ ಅಂಗಡಿಯವರು ತೊಡಿಸಿ ಕಳಿಸಿದ್ದ ಪ್ಲಾಸ್ಟಿಕ್ ಹೊದಿಕೆಯನ್ನಂತೂ ತೆಗೆಯಲೇ ಇಲ್ಲ. "ಈ ಕಾರಿಗೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನನ್ನ ಬಾಣಂತನದಲ್ಲಿ ಮಾಡಿದ್ರೆ ಸಾಕಿತ್ತು" ಎಂದು ನನ್ನ ಹೆಂಡತಿ ಅಂದಳು.

ಇಷ್ಟೆಲ್ಲ ಮಾಡಿದರೂ ನೆರಳಿಗೆ ಸಮನಾದದ್ದು ಇನ್ನೊಂದಿಲ್ಲ. ನಮ್ಮದು ಹಳೆಯ ಕಾಲದ ಬೀದಿ. ಮನೆಗಳಿಗೆ ಜಗುಲಿಯಿದೆ, ಗ್ಯಾರೇಜಿಲ್ಲ, ಆದ್ದರಿಂದ ಕಾರುಗಳೆಲ್ಲ ಬೀದಿಪಾಲು. ಇಡೀ ಬೀದಿಗೆ ಸಂಪೂರ್ಣ ನೆರಳು ಕೊಡುವುದು ಎದುರು ಸಾಲಿನ ಒಂದೇ ಒಂದು ಹೊಂಗೆ ಮರ. ಕಳೆದ ವರ್ಷ ಯುಗಾದಿಯ ಮರುದಿನ ಆ ಮರದಡಿಯ ಜಾಗ ನನಗೆ ಸಿಕ್ಕಿತು. ಸಿಕ್ಕಿದ ಮೇಲೆ ಬಿಡುವುದು ಹೇಗೆ? ಒಮ್ಮೆ ಕಾರು ತೆಗೆದರೆ ತಿರುಗಿ ಬರುವಷ್ಟರಲ್ಲಿ ಅಲ್ಲಿ ಇನ್ನೊಬ್ಬರ ಕಾರಿನ ಪ್ರತಿಷ್ಠಾಪನೆಯಾಗಿರುತ್ತದೆ. ಹಾಗಾಗಿ ನಾನು ಕಾರು ತೆಗೆಯುವುದನ್ನೇ ಬಿಟ್ಟೆ. ತರಕಾರಿಗೆ ನಡಿಗೆ, ಬ್ಯಾಂಕಿಗೆ ಆಟೋ, ಮದುವೆಮನೆಗೆ ಮೆಟ್ರೋ. ಬೆಳಗ್ಗೆ ಸಂಜೆ ಹೋಗಿ ಮೇಲೆ ಬಿದ್ದ ಹೊಂಗೆ ಹೂವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಬರುತ್ತಿದ್ದೆ.

ಆ ದಿನಗಳಲ್ಲೇ ಮಲ್ಲೇಶ್ವರದಿಂದ ನನ್ನ ಅಕ್ಕ ಫೋನು ಮಾಡಿದಳು. ಅಕ್ಕನಿಗೆ ಎಪ್ಪತ್ತೆಂಟು. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಆಟೋದ ಕುಲುಕಾಟ ತಡೆಯಲಾರಳು. ಅವಳ ಮಗನ ಬಳಿ ಇರುವುದು ಸ್ಕೂಟರು ಮಾತ್ರ. "ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತ ಶುರುವಾಗಿದೆಯಂತೆ ಕಣೋ. ಒಂದೇ ಒಂದು ಸಂಜೆ ನಿನ್ನ ಕಾರಲ್ಲಿ ಕರ್ಕೊಂಡು ಹೋಗ್ತೀಯಾ? ಹಿಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಕೂತ್ಕೋತೀನಿ" ಎಂದಳು. ನಾವು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ. ಚಪ್ಪರದ ಕೆಳಗೆ ಜಮಖಾನದ ಮೇಲೆ ಕೂತು, ಪಾನಕ ಕುಡಿದು, ಪಿಟೀಲು ಕೇಳುತ್ತ ನಾನು ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ.

"ಅದಕ್ಕೇನಕ್ಕಾ, ಇನ್ನೂ ಒಂದು ತಿಂಗಳು ನಡೆಯತ್ತೆ. ಮುಂದಿನ ವಾರ ಬರ್ತೀನಿ" ಎಂದೆ.

ಸಂಗೀತ ನಡೆಯುವುದು ಸಂಜೆ, ಆಗ ಬಿಸಿಲೆಲ್ಲಿ, ಎಂದು ನೀವು ಕೇಳಬಹುದು. ಸಂಜೆ ಬಿಟ್ಟ ಜಾಗ ಮರುದಿನ ಮಧ್ಯಾಹ್ನಕ್ಕೆ ಸಿಗುವುದಿಲ್ಲವಲ್ಲ! ಇದು ನನ್ನ ದೂರದೃಷ್ಟಿ. ಮುಂದಿನ ವಾರ ಅವಳೇ ಫೋನು ಮಾಡಿದಳು. ಬಿಸಿಲು ಸ್ವಲ್ಪ ತಗ್ಗಲಿ ಎಂದೆ. ಅದರ ಮುಂದಿನ ವಾರ, ಒಂದು ಮಳೆ ಬೀಳಲಿ ಎಂದೆ. "ಆಗಲಿ ಬಿಡೋ, ನಿನಗೂ ವಯಸ್ಸಾಯ್ತು, ಬಿಸಿಲಲ್ಲಿ ಓಡಾಡ್ಬೇಡ" ಎಂದು ನನಗೇ ಸಮಾಧಾನ ಹೇಳಿದಳು. ಅವಳು ನನ್ನ ತಲೆಯ ಬಗ್ಗೆ ಯೋಚಿಸುತ್ತಿದ್ದಳು, ನಾನು ಡ್ಯಾಶ್‌ಬೋರ್ಡಿನ ಬಗ್ಗೆ. ಶಾಲೆಗೆ ಹೋಗುವಾಗ ನಮ್ಮಿಬ್ಬರಿಗೂ ಇದ್ದದ್ದು ಒಂದೇ ಕೊಡೆ. ಅದನ್ನು ಪೂರ್ತಿ ನನ್ನ ಕಡೆಗೇ ವಾಲಿಸಿ ಹಿಡಿಯುತ್ತಿದ್ದಳು. ಅವಳ ಎಡಗೈ ಬಲಗೈಗಿಂತ ಕಪ್ಪಾಗಿದೆ ಎಂದು ಅಮ್ಮ ಗದರುತ್ತಿದ್ದಳು.

ನಾಲ್ಕನೆಯ ವಾರ ಫೋನು ಮಾಡಿದವನು ಅವಳ ಮಗ. ಸ್ನಾನ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ನಾನೂ ನನ್ನ ಹೆಂಡತಿಯೂ ಹೊರಟೆವು. ಬೀದಿಗೆ ಬಂದು ನಾನು ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದೆ. ಹೆಂಡತಿ ಒಮ್ಮೆ ಹೊಂಗೆ ಮರದ ಕಡೆ, ಒಮ್ಮೆ ನನ್ನ ಕಡೆ ನೋಡಿ ಆಟೋ ಹತ್ತಿದಳು. ಆ ದಿನವೂ ನಾನು ಕಾರು ತೆಗೆಯಲಿಲ್ಲ. ದುಃಖದಲ್ಲಿ ತೋಚಲಿಲ್ಲ ಎಂದು ಬಂಧುಗಳಿಗೆ ಹೇಳಿದೆ. ಸುಳ್ಳು. ತೋಚಿತ್ತು.

ಈ ಬೇಸಿಗೆಯಲ್ಲಿ ಹೊಂಗೆಯ ಕೆಳಗೆ ಯಾರದೋ ಕಾರು ನಿಂತಿದೆ. ನನ್ನದು ಬಿಸಿಲಲ್ಲಿದೆ, ಹಾಳೆಯಿಲ್ಲ, ಪಂಚೆಯಿಲ್ಲ. ಮೊನ್ನೆ ಮಧ್ಯಾಹ್ನ ಬ್ಯಾಟರಿ ನೋಡಲು ಬಂದ ಮೆಕ್ಯಾನಿಕ್ ಒಳಗೆ ಬಗ್ಗಿ ನೋಡಿ ಮೆಚ್ಚಿಕೊಂಡ. "ಚೆನ್ನಾಗಿಟ್ಕೊಂಡಿದೀರ ಸಾರ್. ಹಿಂದಿನ ಸೀಟು ಹೊಸದಾಗೇ ಇದೆಯಲ್ಲ, ಯಾರೂ ಕೂತೇ ಇಲ್ವಾ?"

"ಇಲ್ಲಪ್ಪ, ಕೂರಿಸ್ಲಿಲ್ಲ" ಎಂದೆ.

ಸ್ಟಾರ್ಟ್ ಮಾಡಿ ನೋಡಿ ಎಂದ. ಒಳಗೆ ಕೂತು ಸ್ಟೀರಿಂಗ್ ಹಿಡಿದೆ. ಸುಟ್ಟಿತು. ಕೈ ತೆಗೆಯಲಿಲ್ಲ.