ಏಸಿ ವ್ಯಾನಿನಲ್ಲಿ ದೊಡ್ಡಮ್ಮ ಮೆಲ್ಲಗೆ ಆಡಿದ ಮಾತು

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮ ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವರು, ತಾನು ಇನ್ನು ಮುಂದೆ ಚಿಂತಾಮಣಿಯಲ್ಲಿ ಮಗಳ ಮನೆಯಲ್ಲೇ ಇರುವುದಾಗಿ ಹೇಳಿಬಿಟ್ಟರು. ಜಗಳವಿಲ್ಲ, ಮುನಿಸಿಲ್ಲ. ಗಂಡನ ಮೇಲೆ ದೂರೂ ಇಲ್ಲ. ಅವರಿಗೆ ಸದ್ದು ಸಾಕಾಗಿತ್ತು, ಅಷ್ಟೆ.

ಶಿಡ್ಲಘಟ್ಟದ ಆ ಮನೆಯನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಮುಂದೆ ಮನೆ, ಹಿಂದೆ ರೇಷ್ಮೆ ನೂಲು ತೆಗೆಯುವ ಶೆಡ್ಡು, ನಡುವೆ ಒಂದು ಗೋಡೆ. ಬೆಳಿಗ್ಗೆ ಗೂಡು ಬೇಯಿಸಲು ಒಲೆ ಹೊತ್ತಿಸಿದರೆ ಸಂಜೆಯವರೆಗೂ ಮೋಟಾರು, ಬೆಲ್ಟು, ಗಿರಗಿರ ತಿರುಗುವ ರಾಟೆಗಳು. ದೊಡ್ಡಮ್ಮ ಮದುವೆಯಾಗಿ ಬಂದಾಗಿನಿಂದ ಆ ಸದ್ದಿನಲ್ಲೇ ಅಡುಗೆ ಮಾಡಿದ್ದರು, ಮಕ್ಕಳನ್ನು ಮಲಗಿಸಿದ್ದರು, ಕೆಲಸಕ್ಕೆ ಆಳು ಬಾರದ ದಿನ ತಾವೇ ಬಿಸಿನೀರಿನ ಮುಂದೆ ಕೂತು ನೂಲೆಳೆದಿದ್ದರು. ಈಗ ಯಜಮಾನಿಕೆ ಗಂಡುಮಕ್ಕಳ ಕೈಗೆ ಬಂದು ಅವರು ಇನ್ನೂ ಎರಡು ಮಿಷನ್ ಕೂರಿಸಿದ್ದರು. ಮಗಳ ಬೀದಿಯಲ್ಲಿ ಮಧ್ಯಾಹ್ನ ಕಾಗೆ ಕೂಗಿದರೂ ಕೇಳುತ್ತದೆ, ನನಗಷ್ಟು ಸಾಕು ಅನ್ನುವುದು ದೊಡ್ಡಮ್ಮನ ವಾದ.

ದೊಡ್ಡಪ್ಪ ಅಲ್ಲಾಡಿಹೋದರು. ಅನ್ನ ಕೊಡುವ ಶೆಡ್ಡನ್ನು ಮುಚ್ಚಿ ಅಂತ ಮಕ್ಕಳಿಗೆ ಹೇಳುವ ಹಾಗಿಲ್ಲ. ಅಳಿಯನ ಮನೆಯಲ್ಲಿ ಹೋಗಿ ಕೂರುವುದು ಅವರ ಜಾಯಮಾನವಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಇರುವುದಂತೂ ಅವರ ಕಲ್ಪನೆಗೇ ಬಂದಿರಲಿಲ್ಲ. ವಾರವೆಲ್ಲ ಪಡಸಾಲೆಯಲ್ಲಿ ಶತಪಥ ಹಾಕಿದರು. ಅದೇ ಹೊತ್ತಿಗೆ ಅವರ ಕಣ್ಣಿಗೆ ಬಿದ್ದದ್ದು ಒಂದು ಇಂಗ್ಲಿಷ್ ಪತ್ರಿಕೆ. ಆ ಮನೆಯಲ್ಲೇ ಬೆಳೆದು, ಆಗ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಅದನ್ನು ಲೈಬ್ರರಿಯಿಂದ ತಂದು ಅಲ್ಲಿ ಮರೆತಿದ್ದೆ. ಅದರಲ್ಲೊಂದು ಚಿತ್ರ: ವಯಸ್ಸಾದ ಬಿಳಿಯ ಗಂಡಹೆಂಡಿರು ಮಂಚ, ಒಲೆ, ಪರದೆ ಎಲ್ಲವನ್ನೂ ಗಾಡಿಯೊಳಗೇ ಇಟ್ಟುಕೊಂಡು ಯಾವುದೋ ಕೆರೆ ದಂಡೆಯಲ್ಲಿ ನಗುತ್ತಾ ಕೂತಿದ್ದಾರೆ. ಮನೆಯ ಸದ್ದು ನಿಲ್ಲಿಸಲಾಗದಿದ್ದರೆ ಮನೆಯನ್ನೇ ಸದ್ದಿನಿಂದ ಆಚೆ ಓಡಿಸಬಹುದಲ್ಲ ಅಂತ ದೊಡ್ಡಪ್ಪನಿಗೆ ಹೊಳೆಯಿತು. ಹುಚ್ಚು ಬಿಡುವವರೆಗೂ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡುವುದಿಲ್ಲ ಅನ್ನುತ್ತಾರೆ. ನಮ್ಮ ದೊಡ್ಡಪ್ಪನಿಗೆ ಮದುವೆಯಾಗಿ ಮೊಮ್ಮಕ್ಕಳಾದ ಮೇಲೆ ಹಿಡಿಯಿತು.

ಯಾವುದೋ ಆಸ್ಪತ್ರೆಯವರು ಮೂಲೆಗೆ ತಳ್ಳಿದ್ದ ಹಳೆಯ ವ್ಯಾನು ಬಂತು. ಡ್ರೈವರ್ ಕೂರುವ ಜಾಗಕ್ಕೂ ಹಿಂದಿನ ಭಾಗಕ್ಕೂ ನಡುವೆ ತಗಡಿನ ಗೋಡೆ, ಅದರಲ್ಲೊಂದು ಸಣ್ಣ ಗಾಜಿನ ಕಿಟಕಿ. ಬಡಗಿ ಬಂದು ಎದುರುಬದುರು ಎರಡು ಮಂಚ ಹಾಕಿದ, ಸ್ಟೋವಿಗೊಂದು ಕಟ್ಟೆ ಮಾಡಿದ. ಹಬೆಯ ಮುಂದೆ ಜೀವ ತೇಯ್ದ ದೊಡ್ಡಮ್ಮನಿಗೆ ಸೆಕೆ ಕಂಡರೆ ಆಗುತ್ತಿರಲಿಲ್ಲವಾದ್ದರಿಂದ ಏಸಿ ಬೇಕೇಬೇಕು ಅಂತಾಯಿತು. ಗೌರಿಬಿದನೂರಿನಲ್ಲಿ ಬಾಗಿಲು ಮುಚ್ಚಿದ ಒಂದು ಜೆರಾಕ್ಸ್ ಅಂಗಡಿಯಿಂದ ಕಿಟಕಿಗೆ ಕೂರಿಸುವ ಏಸಿ ಸಿಕ್ಕಿತು. ವ್ಯಾನಿನ ಪಕ್ಕ ಕೊರೆದು ಅದನ್ನು ತೂರಿಸಿದರು. ಅದಕ್ಕೆ ಕರೆಂಟು ಬೇಕಲ್ಲ? ಮದುವೆ ಮೆರವಣಿಗೆಯ ದೀಪಕ್ಕೆ ಬಳಸುವ ಜನರೇಟರನ್ನು ಶಾಮಿಯಾನದವರಿಂದ ತಂದು ಹಿಂದುಗಡೆ ಕಟ್ಟಿದರು.

ಮೊದಲ ಸವಾರಿಗೆ ದೊಡ್ಡಪ್ಪ ಒಬ್ಬ ಡ್ರೈವರನ್ನು ಗೊತ್ತುಮಾಡಿ, ನನ್ನನ್ನು ಕರೆದುಕೊಂಡು ಹೊರಟರು. ಏಸಿ ಹಾಕಿದೊಡನೆ ವ್ಯಾನಿನ ತಗಡೆಲ್ಲ ಒಟ್ಟಿಗೆ ನಡುಗಿತು. ನನ್ನ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದುದು ಚಳಿಗಲ್ಲ. ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಏಸಿ ಆರಿಸಿದರೆ ಮತ್ತೆ ಹೊತ್ತುವುದೋ ಇಲ್ಲವೋ ಅನ್ನುವ ಭಯಕ್ಕೆ ಹಾಗೇ ಬಿಟ್ಟಿದ್ದೆವು. ಟೀ ಬರುವುದರೊಳಗೆ ರೈತರು ಮುತ್ತಿಕೊಂಡರು. ನಮ್ಮ ಕಡೆ ಅಷ್ಟು ಸದ್ದು ಮಾಡಿಕೊಂಡು ಬರುವ ಗಾಡಿ ಒಂದೇ, ಬೋರ್‌ವೆಲ್ ಲಾರಿ.

“ಎನ್ನಿ ಅಡುಗುಲು ಏಸ್ತಾರನ್ನಾ?” ಅಂತ ಒಬ್ಬ ಹಿರಿಯ ರೈತ ದೊಡ್ಡಪ್ಪನ ಕೈ ಹಿಡಿದುಕೊಂಡ. ಎಷ್ಟು ಅಡಿ ಕೊರೆಯುತ್ತೀರಿ ಅಂತ ತೆಲುಗಿನಲ್ಲಿ ಅವನ ಪ್ರಶ್ನೆ.

ಇದು ಬೋರ್ ಲಾರಿಯಲ್ಲ, ಒಳಗಿರುವುದು ಹೆಂಡತಿಯ ಮಂಚ ಅಂತ ದೊಡ್ಡಪ್ಪ ಬಾಗಿಲು ತೆಗೆದು ತೋರಿಸಿದರು. ಅದು ಇನ್ನೂ ಕೆಟ್ಟದಾಯಿತು. ಮಲಗಲು ಅನುಕೂಲ ಮಾಡಿಕೊಂಡೇ ಬಂದಿದ್ದೀರಿ, ಹಾಗಾದರೆ ನೀರು ಬರುವವರೆಗೂ ನಿಲ್ಲುವ ಪೈಕಿ ಅಂತ ಆ ರೈತನಿಗೆ ನಂಬಿಕೆ ಹೆಚ್ಚಿತು. ಹೊಲದಲ್ಲಿ ಬೋರ್ ಕೊರೆಯುವ ಪಾಯಿಂಟು ಆಗಲೇ ಗುರುತು ಮಾಡಿಸಿದ್ದನಂತೆ. ನಾವು ನೋಡುನೋಡುತ್ತಿದ್ದಂತೆ ತೆಂಗಿನಕಾಯಿ ತಂದು ವ್ಯಾನಿನ ಮುಂದಿನ ಚಕ್ರಕ್ಕೆ ಒಡೆದುಬಿಟ್ಟ. ತಮ್ಮ ಗಾಡಿಗೆ ಕಾಯಿ ಒಡೆದ ಮೇಲೆ ಸುಮ್ಮನೆ ಹೋದರೆ ಅಪಶಕುನ ಅಂತ ದೊಡ್ಡಪ್ಪ ಹೊಲಕ್ಕೆ ಹೋಗಿ, ಗುರುತು ಹಾಕಿದ ಜಾಗವನ್ನು ಗಂಭೀರವಾಗಿ ನೋಡಿ, ಕಲ್ಲು ಜಾಸ್ತಿ ಇದೆ ಅಂತ ಅಭಿಪ್ರಾಯ ಕೊಟ್ಟು ಬಂದರು. ನಾನು ವ್ಯಾನಿನಲ್ಲೇ ಕೂತು ಅವಮಾನದಿಂದ ಕಾಯಿಚೂರು ತಿಂದೆ.

ನಾವು ವಾಪಸು ಬರುವ ಸದ್ದು ಶೆಡ್ಡಿನ ಸದ್ದನ್ನೂ ಮೀರಿ ದೊಡ್ಡಮ್ಮನಿಗೆ ಕೇಳಿಸಿತ್ತು. ಬಾಗಿಲಲ್ಲಿ ನಿಂತಿದ್ದರು. ಜನರೇಟರ್ ಆರುವವರೆಗೂ ಕಾದು ಹೇಳಿದರು:

“ಇದರೊಳಗೆ ಕೂತು ನಾನು ಕೂಗದೆ ಮಾತಾಡೋ ಹಂಗಾದ್ರೆ ನಿಮ್ಮ ಜೊತೆ ಯಾವೂರಿಗಾದ್ರೂ ಬರ್ತೀನಿ. ಇಲ್ದಿದ್ರೆ ಇದರಲ್ಲೇ ಚಿಂತಾಮಣೀಗೆ ಬಿಟ್ಟುಬನ್ನಿ.”

ಅಲ್ಲಿಂದ ಶುರುವಾಯಿತು ನೋಡಿ. ಚಿಕ್ಕಬಳ್ಳಾಪುರದ ಫ್ರಿಜ್ ರಿಪೇರಿಯವನು ತಗಡಿಗೂ ಏಸಿಗೂ ನಡುವೆ ರಬ್ಬರ್ ಕೊಡಿ ಅಂದ. ದೊಡ್ಡಪ್ಪ ಊರಿನ ಸೈಕಲ್ ಶಾಪುಗಳ ಹಳೆಯ ಟ್ಯೂಬನ್ನೆಲ್ಲ ತರಿಸಿ ಏಸಿಗೆ ಸುತ್ತಿದರು, ಅದು ಮೈಕೈ ಮುರಿದ ರೋಗಿಯಂತೆ ಕಾಣತೊಡಗಿತು. ಆಮೇಲೆ ಜನರೇಟರನ್ನು ದೂರ ಇಡಬೇಕು ಅಂತ ಎರಡು ಚಕ್ರದ ಬಂಡಿ ಮಾಡಿಸಿ ಉದ್ದನೆಯ ಕಂಬಿಯಿಂದ ಹಿಂದೆ ಎಳೆಸಿದರು. ಮೊದಲ ತಿರುವಿನಲ್ಲೇ ಆ ಬಂಡಿ ನಮ್ಮನ್ನು ಓವರ್‌ಟೇಕ್ ಮಾಡಲು ನೋಡಿತು. ಆಮೇಲೆ ಹುಳು ಸಾಕುವ ಮನೆಯಲ್ಲಿ ತಂಪಿಗೆ ಕಟ್ಟುವ ಹಾಗೆ ಒದ್ದೆ ಗೋಣಿತಾಟು ಕಟ್ಟಿದರು. ನೀರು ತೊಟ್ಟಿಕ್ಕಿ ಡ್ರೈವರಿಗೆ ಶಾಕ್ ಹೊಡೆಯಿತು. ಅವನು ಚಪ್ಪಲಿ ಹಾಕಿಕೊಂಡಿದ್ದರಿಂದ ಬದುಕಿದ, ಆದರೆ ಆ ದಿನದಿಂದ ವ್ಯಾನು ಹತ್ತುವ ಮುಂಚೆ ಅದಕ್ಕೆ ಕೈಮುಗಿಯುತ್ತಿದ್ದ.

ಕೊನೆಗೆ ಕೈಹಿಡಿದದ್ದು ಮನೆಯ ಕಸುಬೇ. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕನ್ನು ಮೂಟೆಗಟ್ಟಲೆ ಹಳೆಯ ಸೀರೆಗಳಲ್ಲಿ ತುಂಬಿ, ಕೌದಿಯಂತೆ ಹೊಲಿಸಿ, ಕಿಟಕಿಯಷ್ಟು ಬಿಟ್ಟು ವ್ಯಾನಿನ ಒಳಗೋಡೆಗೆಲ್ಲ ಹೊಡೆಸಿದರು. ಜನರೇಟರಿಗೂ ಅದೇ ಕೌದಿಯ ಗೂಡು. ಏಸಿಯ ಮುಂದೆ ಗಾಳಿ ಬರುವಷ್ಟು ಬಾಯಿ ಬಿಟ್ಟು ಸುತ್ತಲೂ ಮೆತ್ತೆ. ಸದ್ದು ನಿಜವಾಗಿಯೂ ಇಳಿಯಿತು ಅಂತ ನಮಗೆಲ್ಲ ಅನ್ನಿಸಿತು.

ಆದರೆ ನಮಗೆ ಅನ್ನಿಸಿ ಏನು ಬಂತು? ನೂಲಿನ ಮನೆಯಲ್ಲಿ ಬೆಳೆದವರ ಕಿವಿ ಯಾವ ಕೋರ್ಟಿನಲ್ಲೂ ಸಾಕ್ಷಿಗೆ ನಿಲ್ಲುವುದಿಲ್ಲ. ಮಿಷನ್ ಓಡುವಾಗ ನಾವು ಎದುರಿನವರ ಮುಖ ನೋಡಿ, ತುಟಿ ನೋಡಿ, ಅರ್ಧ ಊಹಿಸಿ ಮಾತು ತಿಳಿದುಕೊಳ್ಳುವವರು. ದೊಡ್ಡಪ್ಪನ ಕಿವಿಯಂತೂ ಹೆಸರಿಗಷ್ಟೇ ಇತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡಪ್ಪನೂ ನಾನೂ ಒಳಗೊಬ್ಬರು ಹೊರಗೊಬ್ಬರು ಕೂತು ಪರೀಕ್ಷೆ ಮಾಡಿ, ಏನೂ ಕೇಳಿಸುತ್ತಿಲ್ಲ ಅಂತ ಸಂತೋಷಪಟ್ಟೆವು. ಅನುಮಾನ ಬಂದು ತುಮಕೂರಿನ ಕಡೆಯ ನನ್ನ ಗಂಡನನ್ನು ಕೂರಿಸಿದೆವು. ಅವರು ಕಿವಿ ಮುಚ್ಚಿಕೊಳ್ಳುವ ಬದಲು ಮೂಗು ಮುಚ್ಚಿಕೊಂಡು ಹೊರಬಂದರು. ಸದ್ದೇನೋ ಇಲ್ಲ, ಆದರೆ ಒಳಗೆ ಯಾವುದು ಸತ್ತಿದೆ ಅಂತ ಕೇಳಿದರು. ಸಿಕ್ಕಿನಲ್ಲಿ ಉಳಿದ ಬೆಂದ ಹುಳದ ವಾಸನೆ ಅದು. ನಮಗೆ ಗೊತ್ತೇ ಆಗಿರಲಿಲ್ಲ. ನಮ್ಮೂರಿನ ಗಾಳಿಯೇ ಹಾಗೆ. ವಾಸನೆಗೂ ಮಾತಿಗೂ ಸಂಬಂಧವಿಲ್ಲ ಅಂತ ದೊಡ್ಡಪ್ಪ ಆ ಆಕ್ಷೇಪಣೆಯನ್ನು ತಳ್ಳಿಹಾಕಿದರು.

ಹೊರಡುವ ದಿನ ಬಂತು. ಮೊದಲು ಕೈವಾರಕ್ಕೆ ಹೋಗಿ ಕೈಮುಗಿಯುವುದು, ಅಲ್ಲಿಂದ ಚಿಂತಾಮಣಿ. ಅಷ್ಟರೊಳಗೆ ದೊಡ್ಡಮ್ಮ ತೀರ್ಮಾನ ಹೇಳಬೇಕು: ಮಗಳ ಮನೆಯಲ್ಲಿ ಇಳಿಯುತ್ತಾರೋ, ಗಂಡನ ಜೊತೆ ಮುಂದಕ್ಕೆ ಹೋಗುತ್ತಾರೋ. ಯಾವುದಕ್ಕೂ ಇರಲಿ ಅಂತ ಅವರ ಟ್ರಂಕು ಜೊತೆಗೇ ಬಂತು. ದೊಡ್ಡಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮದುವೆ ಗಂಡಿನಂತೆ ಪೌಡರ್ ಹಾಕಿಕೊಂಡಿದ್ದರು. ಅವರಿಬ್ಬರೂ ಹಿಂದೆ, ನಾನು ಮುಂದೆ ಡ್ರೈವರ್ ಪಕ್ಕ.

ಕೈವಾರದಲ್ಲಿ ಕೈಮುಗಿದು, ಮಂಡಕ್ಕಿ ಕಟ್ಟಿಸಿಕೊಂಡು, ಮತ್ತೆ ಹೊರಟ ಮೇಲೆ ನಾನು ಗಾಜಿನ ಕಿಟಕಿಯಲ್ಲಿ ತಿರುಗಿ ನೋಡಿದೆ. ದೊಡ್ಡಪ್ಪ ಏನೋ ಕೇಳಿದರು. ದೊಡ್ಡಮ್ಮ ಮಾತಾಡತೊಡಗಿದರು. ಅವರ ಕತ್ತಿನ ನರ ಉಬ್ಬಿರಲಿಲ್ಲ, ಕೈ ಮೇಲೆದ್ದಿರಲಿಲ್ಲ. ಅವರು ಹಾಗೆ ಮೆಲ್ಲಗೆ ಮಾತಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕೌದಿ ಗೆದ್ದಿತು ಅಂದುಕೊಂಡೆ. ದೊಡ್ಡಪ್ಪ ಪತ್ರಿಕೆಯ ಚಿತ್ರದಲ್ಲಿನ ಆ ಬಿಳಿಯನ ಹಾಗೆ ಹೊರಗಡೆ ನೋಡುತ್ತಾ, ದೊಡ್ಡ ಮನುಷ್ಯರ ಗತ್ತಿನಲ್ಲಿ ತಲೆದೂಗುತ್ತಿದ್ದರು. ಊರು ಹತ್ತಿರವಾದಾಗ ಟವೆಲಿನಿಂದ ಕಣ್ಣೊರೆಸಿಕೊಂಡರು. ಖುಷಿಗೆ ಅಂತ ತಿಳಿದು ನಾನೂ ಕಣ್ಣೊರೆಸಿಕೊಂಡೆ.

ಚಿಂತಾಮಣಿಯಲ್ಲಿ ದೊಡ್ಡಮ್ಮನ ಮಗಳ, ನಮ್ಮ ಅಕ್ಕನ ಮನೆ ಮುಂದೆ ವ್ಯಾನು ನಿಂತಿತು. ದೊಡ್ಡಪ್ಪ ಮೊದಲು ಇಳಿದರು. ಡ್ರೈವರಿಗೂ ಮುಟ್ಟಲು ಬಿಡದೆ ಟ್ರಂಕನ್ನು ತಾವೇ ಹೊತ್ತು ಜಗಲಿಯ ಮೇಲಿಟ್ಟರು. ಚೊಂಬಿನಲ್ಲಿ ನೀರು ತಂದ ಅಕ್ಕನಿಗೆ, ನಿಮ್ಮಮ್ಮನನ್ನು ಚೆನ್ನಾಗಿ ನೋಡಿಕೊಳ್ಳಮ್ಮ, ಬೆಳಿಗ್ಗೆ ಹೊತ್ತು ಅವಳಿಗೆ ಕಾಫಿ ತಡವಾಗಬಾರದು ಅಂದರು. ಕಾಲಿಗೂ ನೀರು ಹಾಕಿಕೊಳ್ಳದೆ ತಿರುಗಿ ಬಂದು ವ್ಯಾನು ಹತ್ತಿ, ನಡಿಯಪ್ಪ ಅಂತ ತಗಡು ಬಡಿದರು.

ದೊಡ್ಡಮ್ಮ ಜಗಲಿಯ ಮೇಲೆ ಟ್ರಂಕಿನ ಪಕ್ಕ ನಿಂತಿದ್ದರು, ಯಾರೋ ತಪ್ಪು ಸ್ಟಾಪಿನಲ್ಲಿ ಇಳಿಸಿ ಹೋದವರ ಹಾಗೆ. ಎಲ್ಲಿಗೆ ಹೋಗ್ತೀರಿ ಅಂತ ಮೆಲ್ಲಗೆ ಕೇಳಿದರು. ದೊಡ್ಡಪ್ಪ ಕಿಟಕಿಯಿಂದ ಕೈಬೀಸಿದರು. ಕೆಳಗಿಳಿದು ನಿಂತಿದ್ದ ನನ್ನನ್ನೂ ಬಿಟ್ಟು ವ್ಯಾನು ಹೊರಟಿತು. ಆಗ ನಮ್ಮ ದೊಡ್ಡಮ್ಮ, ಸದ್ದು ಸಾಕು ಅಂತ ಗಂಡನ ಮನೆಯನ್ನೇ ಬಿಡಲು ಹೊರಟಿದ್ದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಇಳಿದು, ಎಲ್ಲ ಮಿಷನ್ನೂ ಒಟ್ಟಿಗೆ ಓಡುತ್ತಿರುವಾಗ ಹೇಗೆ ಕೂಗುತ್ತಿದ್ದರೋ ಹಾಗೆ ಕೂಗಿದರು.

“ನಿಮ್ಮ ಜೊತೇಲೇ ಬರ್ತೀನಿ ಅಂದೆ ಕಣ್ರೀ! ಸಾಯೋವರ್ಗೂ ಬರ್ತೀನಿ ಅಂದೆ!”

ಬೀದಿಯ ಬಾಗಿಲುಗಳೆಲ್ಲ ತೆರೆದವು. ಕಾಗೆಗಳು ಹಾರಿಹೋದವು. ದೊಡ್ಡಪ್ಪನಿಗೂ ಕೇಳಿಸಿತು.

ವ್ಯಾನು ಹಿಂದಕ್ಕೆ ಬಂತು. ದೊಡ್ಡಪ್ಪ ಇಳಿದು, ಹೋಮ್‌ವರ್ಕ್ ಮಾಡದವನಂತೆ ಹೆಂಡತಿಯ ಮುಂದೆ ನಿಂತರು. ವ್ಯಾನಿನೊಳಗೆ ಏನು ಹೇಳಿದಳೋ ಒಂದಕ್ಷರವೂ ಕೇಳಿಸಿರಲಿಲ್ಲವಂತೆ. ಏನು ಅಂತ ಇನ್ನೊಂದು ಸಲ ಕೇಳಿದರೆ, ಗಾಡಿ ಇನ್ನೂ ಸದ್ದು ಮಾಡುತ್ತಿದೆ ಅಂತ ಅವಳು ಇಳಿದುಬಿಟ್ಟಾಳು ಅನ್ನುವ ಹೆದರಿಕೆಗೆ ಸುಮ್ಮನೆ ತಲೆದೂಗಿದರಂತೆ.

“ಮೆತ್ತಗೆ ಹೇಳಿದ್ಯಲ್ಲೇ,” ಅಂದರು. “ನೀನು ಯಾವತ್ತು ಮೆತ್ತಗೆ ಮಾತಾಡಿದ್ದೀಯ? ಹೋಗ್ತೀನಿ ಅಂತಾನೇ ಹೇಳ್ತಿದ್ದಾಳೆ ಅಂದ್ಕೊಂಡೆ.”

ಕೂಗಿ ಏದುಸಿರು ಬಂದಿದ್ದ ದೊಡ್ಡಮ್ಮ ಅವರನ್ನೇ ನೋಡಿದರು. ನಗುತ್ತಾರೋ ಬೈಯುತ್ತಾರೋ ಅಂತ ನಾನೂ ಅಕ್ಕನೂ ಕಾದು ನಿಂತಿದ್ದೆವು.

“ಅಷ್ಟು ವರ್ಷ ಮಿಷನ್ ಮುಂದೆ ನನ್ನ ಮುಖ ನೋಡ್ಕೊಂಡೇ ಮಾತು ತಿಳ್ಕೊಂಡ್ರಿ,” ಅಂದರು. “ಇವತ್ತು ಸದ್ದಿಲ್ಲ ಅಂತ ಕಿಟಕಿ ನೋಡ್ಕೊಂಡು ಕೂತ್ರಿ.”

ದೊಡ್ಡಪ್ಪ ಜಗಲಿ ಹತ್ತಿದರು. ಟ್ರಂಕನ್ನು ಎತ್ತಿ ಮತ್ತೆ ವ್ಯಾನಿಗೆ ಇಟ್ಟರು. ಚಿಂತಾಮಣಿಯ ಗಾಳಿಗೆ ಒಗ್ಗಿಹೋಗಿದ್ದ ಅಕ್ಕ ವ್ಯಾನಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಪ್ಪ ಅಮ್ಮನಿಗೆ ಟೀ ಕೊಟ್ಟಳು. ನಾನು ಊರಿಗೆ ಬಸ್ಸಿನಲ್ಲಿ ಹೋಗುವುದು ಅಂತ ತೀರ್ಮಾನವಾಯಿತು.

ಇಬ್ಬರೂ ಹತ್ತಿ ಎದುರುಬದುರು ಮಂಚದ ಮೇಲೆ ಮೊಣಕಾಲು ತಾಗುವ ಹಾಗೆ ಕೂತರು. ಯಾವ ಕಡೆಗೆ ಅಂತ ಡ್ರೈವರ್ ಕೇಳಿದ. ದೊಡ್ಡಮ್ಮನ ತುಟಿ ಅಲ್ಲಾಡಿತು, ಬೀದಿಯಲ್ಲಿದ್ದ ನಮಗೆ ಏನೂ ಕೇಳಿಸಲಿಲ್ಲ. ದೊಡ್ಡಪ್ಪ ಅವರ ಮುಖದಿಂದ ಕಣ್ಣು ತೆಗೆಯದೆ ಡ್ರೈವರಿಗೆ ದಾರಿ ಹೇಳಿದರು.